ಅಡಿಕೆ ಅಂಗಡಿಯ ಲೆಕ್ಕಕ್ಕೆ ಮೊಂಗೋಡಿಬಿಯೋ, ಪೋಸ್ಟ್‌ಗ್ರೆಸ್ಸೋ?

ಬದಿಯಡ್ಕದ ನಿಮ್ಮ ಅಡಿಕೆ ಖರೀದಿ ಅಂಗಡಿಯ ಲೆಕ್ಕಕ್ಕೆ ಮೊಂಗೋಡಿಬಿ, ಪೋಸ್ಟ್‌ಗ್ರೆಸ್ ಎಂಬ ಎರಡು ಡೇಟಾಬೇಸ್‌ಗಳಲ್ಲಿ, ಅಂದರೆ ಮಾಹಿತಿ ಕೂಡಿಡುವ ತಂತ್ರಾಂಶಗಳಲ್ಲಿ, ಯಾವುದು ಎಂದು ಕೇಳಿದ್ದೀರಿ. ಪೋಸ್ಟ್‌ಗ್ರೆಸ್ ಹಾಕಿಸಿಕೊಳ್ಳಿ.

ಒಬ್ಬರೇ ಕೃಷಿಕರ ಹೆಸರು ಖರೀದಿ, ಮುಂಗಡ, ಬಾಕಿ ಮೂರರಲ್ಲೂ ಬರುತ್ತದೆ. ಪೋಸ್ಟ್‌ಗ್ರೆಸ್‌ನಂಥ ರಿಲೇಷನಲ್, ಅಂದರೆ ಕೋಷ್ಟಕಗಳನ್ನು ಪರಸ್ಪರ ಜೋಡಿಸುವ ಡೇಟಾಬೇಸ್‌ನಲ್ಲಿ ಅವರ ಫೋನ್ ಸಂಖ್ಯೆ ಒಂದೇ ಕಡೆ ಇರುತ್ತದೆ. ಉಳಿದೆಡೆ ಅವರ ಕ್ರಮಸಂಖ್ಯೆಯಷ್ಟೇ. ಮೊಂಗೋಡಿಬಿಯದು ಡಾಕ್ಯುಮೆಂಟ್ ಮಾದರಿ, ಅಂದರೆ ಒಂದೊಂದು ದಾಖಲೆಯನ್ನೂ ಬಿಡಿ ಚೀಟಿಯಂತೆ ಇಡುವುದು. ಅದರಲ್ಲಿ ಚೀಟಿ ಚೀಟಿಯೊಳಗೂ ವಿವರವನ್ನು ನಕಲಿಸಿಡುವುದು ರೂಢಿ. ಫೋನ್ ಬದಲಾಯಿತೋ, ಹಳೆಯ ಚೀಟಿಗಳನ್ನೆಲ್ಲ ಹುಡುಕಿ ತಿದ್ದಬೇಕು.

ಚಾಲಿ ಅಡಿಕೆಗೆ ದರ್ಜೆ, ಕಾಳುಮೆಣಸಿಗೆ ತೇವಾಂಶ, ಹೀಗೆ ಸರಕಿಗೊಂದು ವಿವರವಿದ್ದರೆ ಡಾಕ್ಯುಮೆಂಟ್ ಸಲೀಸು, ನಿಜ. ಅದಕ್ಕೆ ಪೋಸ್ಟ್‌ಗ್ರೆಸ್‌ನಲ್ಲೇ 2014ರಿಂದ ಜೆಸನ್‌ಬಿ ಎಂಬ ಸಡಿಲ ಅಂಕಣವಿದೆ. ಅಂದಹಾಗೆ, ಮೊಂಗೋಡಿಬಿ 2018ರಲ್ಲಿ ಪರವಾನಗಿ ಬದಲಿಸಿತು. ಆ ಪರವಾನಗಿಯನ್ನು, ಮುಕ್ತ ತಂತ್ರಾಂಶ ಪರವಾನಗಿಗಳನ್ನು ಪರಿಶೀಲಿಸುವ ಸಂಸ್ಥೆಯಾದ ಓಪನ್ ಸೋರ್ಸ್ ಇನಿಶಿಯೇಟಿವ್ ಮುಕ್ತವೆಂದು ಒಪ್ಪುವುದಿಲ್ಲ.