ಹೊರಗಿನ ಟ್ರ್ಯಾಕ್, ಒಳಗಿನ ತಕರಾರು

ಈ ಸಲ ಕೊಡಗಿನಿಂದ ಬಂದ ಪತ್ರಗಳೆಲ್ಲ ಒಂದೇ ವಿಷಯದ ಮೇಲೆ. ಕಂಪ್ಯೂಟರಿನ ರೇಸಿಂಗ್ ಸಿಮ್ಯುಲೇಟರಿಗೆ ಬೇರೆಯವರು ಮಾಡಿದ ಟ್ರ್ಯಾಕ್ ಸೇರಿಸುವುದು ಹೇಗೆ, ಸೇರಿಸಿದ್ದು ಯಾಕೆ ಕೈಕೊಡುತ್ತದೆ ಎಂದು ಕೇಳಿದ್ದಾರೆ. ಹೆಚ್ಚಿನವರ ಬಳಿ ಇರುವುದು 2014ರ ಅಸೆಟ್ಟೊ ಕೊರ್ಸಾ. ಆಟದ ಹೆಸರು ಹೇಳದ ಕಡೆಯೆಲ್ಲ ಅದೇ ಎಂದುಕೊಳ್ಳಿ.

ಪ್ರಶ್ನೆ: ಜಿಪ್ ಬಿಚ್ಚಿ ಟ್ರ್ಯಾಕ್ಸ್ ಫೋಲ್ಡರಿಗೆ ಹಾಕಿದೆ. ಪಟ್ಟಿಯಲ್ಲಿ ಟ್ರ್ಯಾಕ್ ಕಾಣಿಸುವುದೇ ಇಲ್ಲ. ಇನ್ನೊಂದು ಟ್ರ್ಯಾಕ್ ಕಾಣಿಸುತ್ತದೆ, ಆದರೆ ರೇಸ್ ಶುರುವಾದರೂ ಎದುರಾಳಿ ಕಾರುಗಳು ಕದಲುವುದಿಲ್ಲ. (ಗೋಣಿಕೊಪ್ಪ)

ಮೊದಲನೆಯದು ಬಹುಪಾಲು ಫೋಲ್ಡರಿನೊಳಗೆ ಫೋಲ್ಡರ್ ಸೇರಿಕೊಂಡ ಕತೆ. ಜಿಪ್ ಬಿಚ್ಚುವಾಗ ವಿಂಡೋಸ್ ತಾನೇ ಒಂದು ಫೋಲ್ಡರ್ ಮಾಡುತ್ತದೆ, ಅದರೊಳಗೆ ಅದೇ ಹೆಸರಿನ ಇನ್ನೊಂದು ಇರುತ್ತದೆ. ಟ್ರ್ಯಾಕಿನ ಫೋಲ್ಡರ್ ತೆರೆದ ಕೂಡಲೇ ಕೆಎನ್5 ಫೈಲ್ (ಟ್ರ್ಯಾಕಿನ ರೂಪ, ಚಿತ್ರಗಳು ಇರುವುದು ಇದರಲ್ಲೇ), ‘ಡೇಟಾ’, ‘ಎಐ’, ‘ಯುಐ’ ಇವು ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಒಳಗಿನದನ್ನು ಒಂದು ಮೆಟ್ಟಿಲು ಹೊರಗೆ ತನ್ನಿ. ಫೋಲ್ಡರಿನ ಹೆಸರನ್ನು ನಿಮಗೆ ಚೆಂದ ಕಂಡಂತೆ ಬದಲಿಸಬೇಡಿ. ಒಂದೇ ಲೇಔಟಿನ (ಓಡುವ ದಾರಿ ಒಂದೇ ಇರುವ) ಟ್ರ್ಯಾಕಿನಲ್ಲಿ ಫೋಲ್ಡರಿನ ಹೆಸರೂ ಕೆಎನ್5 ಫೈಲಿನ ಹೆಸರೂ ಒಂದೇ ಇರಬೇಕು. ‘ಯುಐ’ ಇಲ್ಲದಿದ್ದರೆ ಆಟಕ್ಕೆ ಆ ಟ್ರ್ಯಾಕಿನ ಹೆಸರು, ಚಿತ್ರ ಯಾವುದೂ ಸಿಗುವುದಿಲ್ಲ.

ಈ ರಗಳೆಯೇ ಬೇಡವೆಂದರೆ ಕಂಟೆಂಟ್ ಮ್ಯಾನೇಜರ್ ಎಂಬ ತಂತ್ರಾಂಶ ಹಾಕಿಕೊಳ್ಳಿ, ಉಚಿತ ಆವೃತ್ತಿ ಸಾಕು. ಜಿಪ್ ಅನ್ನು ಬಿಚ್ಚದೆ ಹಾಗೇ ಎಳೆದು ಅದರ ಕಿಟಕಿಯ ಮೇಲೆ ಬಿಡಿ. ಒಳಗೆ ಟ್ರ್ಯಾಕ್ ಎಲ್ಲಿದೆ ಎಂದು ಅದೇ ಹುಡುಕಿ, ಸ್ಥಾಪಿಸಲೇ ಎಂದು ಕೇಳುತ್ತದೆ.

ಕದಲದ ಕಾರುಗಳ ವಿಷಯಕ್ಕೆ ‘ಎಐ’ ಫೋಲ್ಡರ್ ತೆರೆಯಿರಿ. ‘ಫಾಸ್ಟ್ ಲೇನ್’ ಎಂಬ ಫೈಲ್ ಇಲ್ಲದಿದ್ದರೆ ಎದುರಾಳಿಗಳಿಗೆ ದಾರಿಯೇ ಗೊತ್ತಿಲ್ಲ ಎಂದರ್ಥ. ಅಂಥ ಟ್ರ್ಯಾಕಿನಲ್ಲಿ ಒಬ್ಬರೇ ಓಡಿಸಬಹುದು, ರೇಸ್ ಆಗದು. ಇನ್ನೊಂದು ಸೂಕ್ಷ್ಮವಿದೆ. ‘ಯುಐ’ ಫೈಲಿನಲ್ಲಿ 24 ಪಿಟ್ (ಕಾರು ನಿಲ್ಲುವ ಜಾಗ) ಎಂದು ಬರೆದು, ಟ್ರ್ಯಾಕಿನಲ್ಲಿ ನಿಜಕ್ಕೂ 10 ಮಾತ್ರ ಇಟ್ಟಿರುವವರಿದ್ದಾರೆ. ಲೋಡ್ ಆಗುವಾಗಲೇ ಆಟ ಮುಚ್ಚಿಕೊಂಡರೆ ಕಾರುಗಳ ಸಂಖ್ಯೆ ಇಳಿಸಿ ನೋಡಿ.

ಪ್ರಶ್ನೆ: ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿ ರಸ್ತೆಯನ್ನೇ ಟ್ರ್ಯಾಕ್ ಮಾಡಲು ಹೊರಟಿದ್ದೇನೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಸ್ವಲ್ಪ ಬರುತ್ತದೆ. ಉಪಗ್ರಹದ ಎತ್ತರದ ಡೇಟಾ ಹಾಕಿದರೆ ರಸ್ತೆ ಅಲೆ ಅಲೆಯಾಗಿ ಕುಣಿಯುತ್ತಿದೆ. (ಮಡಿಕೇರಿ)

ಕುಣಿಯುತ್ತಿರುವುದು ರಸ್ತೆಯಲ್ಲ, ಮರಗಳು. ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಡೇಟಾವನ್ನು 2000ದ ಫೆಬ್ರವರಿಯಲ್ಲಿ ನಾಸಾದ ಶಟಲ್ ನೌಕೆ ರೇಡಾರಿನಿಂದ ಅಳೆದದ್ದು. ಸುಮಾರು 30 ಮೀಟರಿಗೆ ಒಂದು ಬಿಂದು. ದಟ್ಟ ಕಾಡಿನ ಮೇಲೂ, ಸಿಲ್ವರ್ ಓಕ್ ನೆರಳಿನ ಕಾಫಿ ತೋಟದ ಮೇಲೂ ಆ ರೇಡಾರ್ ನೆಲವನ್ನು ಪೂರ್ತಿ ಮುಟ್ಟುವುದಿಲ್ಲ, ಎಲೆಚಪ್ಪರದ ಎತ್ತರವನ್ನೂ ಸೇರಿಸಿಕೊಳ್ಳುತ್ತದೆ. ಹೇರ್‌ಪಿನ್‌ನಲ್ಲಿ ಇನ್ನೂ ಕಷ್ಟ. ಮೇಲಿನ ರಸ್ತೆ, ಕೆಳಗಿನ ರಸ್ತೆ ಎರಡೂ ಒಂದೇ ಚೌಕದಲ್ಲಿ ಬಿದ್ದು ಎತ್ತರ ಕಲಸಿಹೋಗುತ್ತದೆ. ಜೋಡುಪಾಲದ ಸುತ್ತ 2018ರ ಭೂಕುಸಿತದಲ್ಲಿ ಬದಲಾದ ಗುಡ್ಡಗಳಂತೂ ಈ ಡೇಟಾದಲ್ಲಿ ಹಳೆಯ ರೂಪದಲ್ಲೇ ಇವೆ.

ಆದ್ದರಿಂದ ಗುಡ್ಡಕ್ಕೆ ಈ ಡೇಟಾ ಇರಲಿ, ರಸ್ತೆಗೆ ಬೇಡ. ರಸ್ತೆಯ ಗೆರೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ತೆಗೆಯಿರಿ, ಬ್ಲೆಂಡರ್‌ಜಿಐಎಸ್ ಎಂಬ ಆಡ್‌-ಆನ್ ಅದನ್ನು ನೇರ ತಂದುಕೊಡುತ್ತದೆ. ಎತ್ತರವನ್ನು ಬೇರೆಯಾಗಿ ಎಕ್ಸೆಲ್‌ನಲ್ಲಿ ಮಾಡಿ. ಒಂದು ಸಾಲಿನಲ್ಲಿ ದೂರ, ಪಕ್ಕದಲ್ಲಿ ಎತ್ತರ. ಮರವಿಲ್ಲದ ಬಯಲು ಜಾಗಗಳ ಎತ್ತರವನ್ನು ಮಾತ್ರ ನಂಬಿ: ಸೇತುವೆ, ಪೇಟೆ, ಅಗಲವಾದ ಕವಲು. ನಡುವಿನದನ್ನು ಸಮನಾಗಿ ಹಂಚಿ. ಘಾಟಿ ಹೆದ್ದಾರಿಗಳನ್ನು ಸಾಮಾನ್ಯವಾಗಿ 100 ಮೀಟರಿಗೆ 5ರಿಂದ 7 ಮೀಟರ್ ಏರುವಂತೆ ಕಡಿದಿರುತ್ತಾರೆ. ನಿಮ್ಮ ಪಟ್ಟಿಯಲ್ಲಿ ಎಲ್ಲಾದರೂ 15 ಬಂದರೆ ಅಲ್ಲಿ ಮರ ನಿಂತಿದೆ ಎಂದು ತಿಳಿದು ಅಳಿಸಿ. ಮೊಬೈಲಿನ ಜಿಪಿಎಸ್ ಎತ್ತರವೂ ಹತ್ತಾರು ಮೀಟರ್ ಆಚೀಚೆ ಆಗುತ್ತದೆ. ಬ್ಯಾರೋಮೀಟರ್ ಇರುವ ಫೋನ್ ಸಿಕ್ಕರೆ ಏರಿಳಿತದ ವ್ಯತ್ಯಾಸಕ್ಕೆ ಅದು ವಾಸಿ. ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಅಳೆದು ಸರಾಸರಿ ತೆಗೆಯಿರಿ, ಹವೆಯ ಒತ್ತಡ ಗಂಟೆಗಂಟೆಗೂ ಬದಲಾಗುತ್ತದೆ. ಅಳೆಯುವವರು ಪಕ್ಕದ ಸೀಟಿನಲ್ಲಿ ಕೂರಬೇಕು. ಎದುರಿಗೆ ಬಸ್ಸು ಬಾರದಿರುವುದು ಆಟದಲ್ಲಿ ಮಾತ್ರ.

ರಸ್ತೆ ಕೂತ ಮೇಲೆ ಗುಡ್ಡವನ್ನು ಅದರ ಅಂಚಿಗೆ ಎಳೆದು ಹೊಂದಿಸಿ, ರಸ್ತೆಯ ಅಡಿಯಲ್ಲಿ ನೆಲವನ್ನು 20-30 ಸೆಂಟಿಮೀಟರ್ ತಗ್ಗಿಸಿ. ಇಲ್ಲದಿದ್ದರೆ ಹುಲ್ಲು ಟಾರಿನ ಮೇಲೆ ತೂರಿ ಬರುತ್ತದೆ, ಚಕ್ರ ಅಲ್ಲಿ ಎಡವುತ್ತದೆ. ತಿರುವಿನಲ್ಲಿ ಒಳಬದಿ ತಗ್ಗಿರಬೇಕು. 7 ಮೀಟರ್ ಅಗಲಕ್ಕೆ ಸುಮಾರು ಅರ್ಧ ಮೀಟರ್ ವ್ಯತ್ಯಾಸ ಕೊಟ್ಟು ನೋಡಿ. ಚಪ್ಪಟೆ ಬಿಟ್ಟರೆ ಇಡೀ ಘಾಟಿ ರಟ್ಟಿನ ತುಂಡಿನಂತೆ ಅನ್ನಿಸುತ್ತದೆ.

ಒಂದು ಮೆಶ್‌ನಲ್ಲಿ (ಬಿಂದುಗಳನ್ನು ಜೋಡಿಸಿ ಮಾಡಿದ 3ಡಿ ತುಂಡು) 65,535 ಬಿಂದುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಅರ್ಧ ಮೀಟರಿಗೆ ಒಂದು ಅಡ್ಡಸಾಲು, ಸಾಲಿಗೆ 7 ಬಿಂದು ಎಂದರೆ ಕಿಲೋಮೀಟರಿಗೆ 14,000. ಎರಡೆರಡು ಕಿಲೋಮೀಟರಿಗೆ ಒಂದು ತುಂಡು ಮಾಡಿದರೆ ನಿಶ್ಚಿಂತೆ. ಪ್ರತಿ ತುಂಡಿನ ಹೆಸರು ಅಂಕಿಯಿಂದ ಶುರುವಾಗಬೇಕು: ‘1ರೋಡ್’, ‘1ಗ್ರಾಸ್’, ತಡೆಗೋಡೆಗೆ ‘1ವಾಲ್’. ಫೈಲಿನಲ್ಲಿ ಇವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಿರಿ. ಅಂಕಿ ಮರೆತರೆ ರಸ್ತೆ ಕಣ್ಣಿಗೆ ಕಾಣುತ್ತದೆ, ಕಾರು ಮಾತ್ರ ಅದರ ಮೂಲಕ ಪಾತಾಳಕ್ಕೆ ಇಳಿಯುತ್ತದೆ.

ಕಾರು ನಿಲ್ಲುವ ಜಾಗಕ್ಕೆ ‘ಎಂಪ್ಟಿ’ (ಆಕಾರವಿಲ್ಲದ ಬರೀ ಗುರುತು) ಇಡುತ್ತೀರಲ್ಲ, ಅದರ ವೈ ಬಾಣ ಮೇಲಕ್ಕೆ, ಝಡ್ ಬಾಣ ಓಡುವ ದಿಕ್ಕಿಗೆ ಇರಲಿ. ನೆಲದಿಂದ ಒಂದು ಮೀಟರಿನಷ್ಟು ಮೇಲಿರಲಿ. ಘಾಟಿ ರಸ್ತೆ ಸುತ್ತಿ ಬರುವುದಿಲ್ಲವಾದ್ದರಿಂದ ಲ್ಯಾಪಿನ ‘ಟೈಮ್’ ಗುರುತುಗಳು ಕೆಲಸಕ್ಕೆ ಬಾರವು. ಆರಂಭ, ಮುಕ್ತಾಯಗಳಿಗೆಂದೇ ‘ಎಸಿ-ಎಬಿ’ ಎಂದು ಶುರುವಾಗುವ ನಾಲ್ಕು ಗುರುತುಗಳಿವೆ: ಸ್ಟಾರ್ಟ್ ಎಡ-ಬಲ, ಫಿನಿಶ್ ಎಡ-ಬಲ. ಪದಗಳ ನಡುವೆ ಅಂಡರ್‌ಸ್ಕೋರ್ ಬರಬೇಕು, ಖಾಲಿ ಜಾಗ ಬಿಡಬೇಡಿ.

ಕೊನೆಗೆ ಬ್ಲೆಂಡರಿನಿಂದ ಎಫ್‌ಬಿಎಕ್ಸ್ ಫೈಲ್ ಮಾಡಿ, ಆಟದ ಎಸ್‌ಡಿಕೆ ಫೋಲ್ಡರಿನಲ್ಲೇ ಇರುವ ಕೆಎಸ್ ಎಡಿಟರಿನಲ್ಲಿ ತೆರೆದು ಕೆಎನ್5 ಮಾಡಿ. ಮೀಟರ್-ಸೆಂಟಿಮೀಟರ್ ಗಲಿಬಿಲಿಯಲ್ಲಿ ಟ್ರ್ಯಾಕ್ 100 ಪಟ್ಟು ಹಿಗ್ಗುವುದು ಇಲ್ಲೇ. ರಸ್ತೆ ಬದಿಗೆ 10 ಮೀಟರಿನ ಒಂದು ಡಬ್ಬ ಇಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಅಳತೆ ತಪ್ಪಿದ್ದು ಕೂಡಲೇ ತಿಳಿಯುತ್ತದೆ. ಇಡೀ ಘಾಟಿಗೆ ಮೊದಲೇ ಕೈ ಹಾಕಬೇಡಿ. ಮದೆನಾಡಿನ ಆಸುಪಾಸಿನ ಒಂದು ಕಿಲೋಮೀಟರ್ ಮುಗಿಸಿ, ಓಡಿಸಿ ನೋಡಿ ಮುಂದುವರಿಯಿರಿ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ 4 ಜಿಬಿ ಗ್ರಾಫಿಕ್ಸ್ ಮೆಮೊರಿ ಇದೆ. ಆಟದ ಸ್ವಂತ ಟ್ರ್ಯಾಕುಗಳು ಸಲೀಸು, ಹೊರಗಿನವು ತಡವರಿಸುತ್ತವೆ. (ವಿರಾಜಪೇಟೆ)

4096 × 4096 ಅಳತೆಯ ಒಂದು ಚಿತ್ರವನ್ನು ಕುಗ್ಗಿಸದೆ ಹಾಕಿದರೆ 64 ಎಂಬಿ, ಅದರ ಚಿಕ್ಕ ಪ್ರತಿಗಳೂ ಸೇರಿ 85ರ ಹತ್ತಿರ. ಅದೇ ಚಿತ್ರ ಡಿಎಕ್ಸ್‌ಟಿ1 ಆಗಿ ಕುಗ್ಗಿದರೆ ಸುಮಾರು 11. ಹವ್ಯಾಸಿಗಳು ಮಾಡಿದ ಟ್ರ್ಯಾಕುಗಳಲ್ಲಿ ಕುಗ್ಗಿಸದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಚಿತ್ರಗಳು ಕೆಎನ್5 ಒಳಗೇ ಇರುವುದರಿಂದ ಓಡಿಸುವವರು ಅದನ್ನು ಸುಲಭಕ್ಕೆ ಬದಲಿಸಲಾರರು. ಮೊದಲು ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಮೆಮೊರಿ ನೋಡಿ. ತುಂಬಿದ್ದರೆ ಎದುರಾಳಿಗಳನ್ನು ಹತ್ತಕ್ಕೆ ಇಳಿಸಿ, ಎಲ್ಲರಿಗೂ ಒಂದೇ ಮಾದರಿಯ ಕಾರು ಕೊಡಿ. ಎಷ್ಟೋ ಸಲ ತಪ್ಪು ಟ್ರ್ಯಾಕಿನದಲ್ಲ, ಹೊರಗಿನಿಂದ ತಂದ 20 ಬಗೆಯ ಕಾರುಗಳದು. ಮೆಮೊರಿ ಖಾಲಿ ಇದ್ದೂ ತಡವರಿಸಿದರೆ ಪ್ರತಿಬಿಂಬ, ಕನ್ನಡಿ, ಹುಲ್ಲಿನ ಸೆಟ್ಟಿಂಗ್ ತಗ್ಗಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋಗಿ ಡೌನ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ. ಫೈಲ್ ಬಿಚ್ಚಿದರೆ ಕೊನೆ ಸಿಗಲಿಲ್ಲ ಎನ್ನುತ್ತದೆ. (ಸೋಮವಾರಪೇಟೆ)

ಆ ಫೈಲ್ ಅಪೂರ್ಣ, ಬಿಚ್ಚಿ ಸಿಕ್ಕಿದ್ದನ್ನೂ ಬಳಸಬೇಡಿ. ನಿಂತಲ್ಲಿಂದ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರ್ ಹಾಕಿಕೊಳ್ಳಿ. ರೂಟರಿಗೆ ಚಿಕ್ಕ ಯುಪಿಎಸ್ ಇದ್ದರೆ ಒಳ್ಳೆಯದು. ಬಿಚ್ಚಿದ ಮೇಲೆ ಒಳಗೆ ಎಕ್ಸ್‌ಇ ಫೈಲ್ ಕಂಡರೆ ಮುಟ್ಟದೆ ಅಳಿಸಿ. ಟ್ರ್ಯಾಕಿಗೆ ಎಕ್ಸ್‌ಇ ಬೇಕಾಗುವುದಿಲ್ಲ.

ಪ್ರಶ್ನೆ: ಗೆಳೆಯರ ಸರ್ವರಿಗೆ ಸೇರಿದ ಕೂಡಲೇ ಚೆಕ್‌ಸಮ್ ಎಂದು ಹೊರಹಾಕುತ್ತದೆ. (ಕುಶಾಲನಗರ)

ಚೆಕ್‌ಸಮ್ ಎಂದರೆ ಎರಡು ಫೈಲ್ ಒಂದೇ ಹೌದೋ ಎಂದು ಹೋಲಿಸುವ ಅಂಕಿ. ನಿಮ್ಮ ಫೈಲೂ ಸರ್ವರಿನದೂ ಒಂದೇ ಅಲ್ಲ. ಆವೃತ್ತಿ ಬೇರೆ ಇರಬಹುದು, ಇಲ್ಲವೇ ‘ಸರ್ಫೇಸಸ್’ ಫೈಲಿನಲ್ಲಿ ಯಾರೋ ಹಿಡಿತದ ಅಂಕಿ ತಿದ್ದಿರಬಹುದು. ಒಬ್ಬರ ಬಳಿಯ ಜಿಪ್ಪನ್ನೇ ಎಲ್ಲರೂ ಹಾಕಿಕೊಳ್ಳಿ. ತಿದ್ದಿ ಆಡುವ ಆಸೆಯಿದ್ದರೆ ಟ್ರ್ಯಾಕಿನ ಪ್ರತಿ ಮಾಡಿ, ಫೋಲ್ಡರಿಗೂ ಕೆಎನ್5 ಫೈಲಿಗೂ ಒಂದೇ ಹೊಸ ಹೆಸರಿಟ್ಟು ಅದರಲ್ಲಿ ತಿದ್ದಿ.

ಪ್ರಶ್ನೆ: ನಮ್ಮ ದೇಶದ ಟ್ರ್ಯಾಕುಗಳ ಆಡ್‌-ಆನ್ ನಂಬಬಹುದೇ? ಅಸೆಟ್ಟೊ ಕೊರ್ಸಾದ ನಂತರ ಅದೇ ಕಂಪನಿ ಮಾಡಿದ ಕಾಂಪೆಟಿಜಿಯೋನೆ ಆಟಕ್ಕೂ ಹಾಕಬಹುದೇ? (ಪೊನ್ನಂಪೇಟೆ)

ಮೊದಲು ಉದ್ದ ಅಳೆಯಿರಿ. ಬುದ್ಧ ಸರ್ಕ್ಯೂಟ್ 5.125 ಕಿಲೋಮೀಟರ್, ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1. ಪಟ್ಟಿಯಲ್ಲಿ ಕಾಣುವ ಉದ್ದ ಮಾಡಿದವರು ಟೈಪ್ ಮಾಡಿದ್ದಷ್ಟೇ, ಒಂದು ಸುತ್ತು ಓಡಿಸಿ ದೂರ ನೋಡಿ. ನೂರಿನ್ನೂರು ಮೀಟರ್ ತಪ್ಪಿದ್ದರೆ ಅದು ಚಿತ್ರ ನೋಡಿ ಅಂದಾಜಿಗೆ ಎಳೆದ ಟ್ರ್ಯಾಕ್. ಕಾಂಪೆಟಿಜಿಯೋನೆಗೆ ಹೊರಗಿನ ಟ್ರ್ಯಾಕ್ ಸೇರಿಸಲಾಗದು, ಕಂಪನಿ ಮಾರುವ ಡಿಎಲ್‌ಸಿ (ಆಟಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಮಾತ್ರ.