ತಲೆ ಹಿಂದಕ್ಕೆಸೆದು ಕುಣಿಯುವ ಆ ಹೆಂಗಸು ಯಾರು?

ಶಿವಮೊಗ್ಗದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕಳೆದ ಬೇಸಿಗೆಯಲ್ಲಿ ಅವರು ಮಿಲಾನ್‌ನಲ್ಲಿರುವ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದರಂತೆ. ರಾತ್ರಿ ವಾರ್ತೆ ಮುಗಿದ ಮೇಲೆ ಟಿವಿಯಲ್ಲಿ ಹಳೆಯ ಕಪ್ಪು-ಬಿಳುಪು ಹಾಡು, ಕುಣಿತ, ತಮಾಷೆಯ ತುಣುಕುಗಳು ಬರುತ್ತಿದ್ದವಂತೆ. ಪಕ್ಕದ ಮನೆಯ ಅಜ್ಜಿ ಬಂದು ಕೂತು ಎಲ್ಲದಕ್ಕೂ ದನಿಗೂಡಿಸುತ್ತಿದ್ದರು. ಬಾಬ್ ಕಟ್ ಕೂದಲಿನ ಒಬ್ಬ ಹೆಂಗಸು ತಲೆ ಹಿಂದಕ್ಕೆಸೆದು ಕುಣಿಯುವಾಗ ಮಾತ್ರ ಅಜ್ಜಿ ಕಣ್ಣೊರೆಸಿಕೊಂಡರು. ‘ಆಕೆ ಯಾರು? ಸುಮ್ನೆ ಹಾಡು-ಕುಣಿತದ ಕಾರ್ಯಕ್ರಮವನ್ನು ಜನ ಇಷ್ಟು ಹಚ್ಚಿಕೊಂಡಿದ್ದು ಯಾಕೆ? ಈಗ ಅಂಥದ್ದು ಯಾಕೆ ಬರುವುದಿಲ್ಲ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ನೀವು ನೋಡಿದ್ದು ‘ಟೆಕೆಟೆಕೆಟೆ’ ಇರಬೇಕು. ಇಟಲಿಯ ಸರ್ಕಾರಿ ವಾಹಿನಿ ರಾಯ್ 2012ರಿಂದ ಬೇಸಿಗೆಯ ರಾತ್ರಿಗಳಲ್ಲಿ ತನ್ನ ಹಳೆಯ ಪೆಟ್ಟಿಗೆ ತೆಗೆದು ತೋರಿಸುವ ಕಾರ್ಯಕ್ರಮ ಅದು. ಆ ಹೆಂಗಸು ರಾಫಾಯೆಲ್ಲಾ ಕರ್ರಾ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಹಾಗೆ ತಲೆ ಎಸೆದು ಕುಣಿಯುವವರು ಇನ್ನೊಬ್ಬರಿರಲಿಲ್ಲ. ಆದರೆ ಅಜ್ಜಿ ಯಾಕೆ ಅತ್ತರು ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಇಟಲಿಯಲ್ಲಿ ಟಿವಿ ಶುರುವಾದದ್ದು 1954ರ ಜನವರಿ 3ರಂದು. 1961ರವರೆಗೂ ಒಂದೇ ವಾಹಿನಿ. ಆಗಿನ ಇಟಲಿಯಲ್ಲಿ ಒಂದೊಂದು ಊರಿನ ಮನೆಮಾತು ಒಂದೊಂದು ಥರ. ಸಿಸಿಲಿಯವರ ಮಾತು ವೆನಿಸ್‌ನವರಿಗೆ ತಿಳಿಯುತ್ತಿರಲಿಲ್ಲ. ಶಾಲೆಯಲ್ಲಿ ಕಲಿತ ಇಟಾಲಿಯನ್ ಭಾಷೆಯನ್ನು ಮನೆಯಲ್ಲಿ ಆಡುವವರು ಕಡಿಮೆ. ಟಿವಿ ಕೊಳ್ಳುವ ಶಕ್ತಿ ಇದ್ದವರೂ ಕಡಿಮೆ. ಜನ ಊರಿನ ಕಾಫಿ ಅಂಗಡಿಯಲ್ಲಿ, ಅನುಕೂಲಸ್ಥರ ಮನೆಯಲ್ಲಿ ಸೇರಿ ನೋಡುತ್ತಿದ್ದರು. ಮೈಕ್ ಬೊಂಜೋರ್ನೊ ನಡೆಸಿಕೊಡುತ್ತಿದ್ದ ಕ್ವಿಜ್ ‘ಲಾಶಾ ಓ ರಾದ್ದೊಪ್ಪಿಯಾ’ 1955ರಲ್ಲಿ ಬಂತು. ಮೊದಲು ಶನಿವಾರ ಬರುತ್ತಿತ್ತು. ಸಿನಿಮಾ ಮಂದಿರಗಳು ಖಾಲಿ ಹೊಡೆಯತೊಡಗಿದವು. ಮಾಲೀಕರು ಗೋಳಾಡಿದ ಮೇಲೆ ಗುರುವಾರಕ್ಕೆ ಹೋಯಿತು. ಆಗಲೂ ಜನ ಬರದಿದ್ದಾಗ ಮಂದಿರದೊಳಗೇ ಟಿವಿ ತಂದಿಟ್ಟು, ಅದು ಮುಗಿದ ಮೇಲೆ ಸಿನಿಮಾ ತೋರಿಸಿದರು! ಬೇರೆ ಬೇರೆ ಮನೆಮಾತಿನ ಜನ ಒಂದೇ ಹೊತ್ತಿಗೆ ಒಂದೇ ತಮಾಷೆಗೆ ನಗಲು ಶುರುಮಾಡಿದ್ದು ಹೀಗೆ.

ಹಾಡು, ಕುಣಿತ, ಹಾಸ್ಯ ಎಲ್ಲ ಬೆರೆತ ಈ ವೆರೈಟಿ ಶೋ ಟಿವಿಯಲ್ಲಿ ಹುಟ್ಟಿದ್ದಲ್ಲ. ಸಿನಿಮಾ ಶುರುವಾಗುವ ಮುಂಚೆ ಅದೇ ಮಂದಿರದ ವೇದಿಕೆ ಮೇಲೆ ಹಾಸ್ಯಗಾರರು, ಕುಣಿಯುವವರು, ಹಾಡುವವರು ಆಟ ತೋರಿಸುವುದು ಅಲ್ಲಿ ರೂಢಿಯಾಗಿತ್ತು. ಆ ಕಲಾವಿದರೇ ಟಿವಿಗೆ ಬಂದರು. ಅದನ್ನು ಟಿವಿಯದೇ ಕಲೆ ಮಾಡಿದವರು ನಿರ್ದೇಶಕ ಆಂತೊನೆಲ್ಲೊ ಫಾಲ್ಕ್ವಿ. 1961ರಲ್ಲಿ ಶುರುವಾದ ಅವರ ‘ಸ್ಟುಡಿಯೋ ಊನೊ’ ನೋಡಿ. ಬಣ್ಣದ ಪರದೆ ಇಲ್ಲ, ರಟ್ಟಿನ ಅರಮನೆ ಇಲ್ಲ. ಬೆಳ್ಳನೆಯ ಖಾಲಿ ಜಾಗ, ಅದರ ನಡುವೆ ಒಬ್ಬರು ಹಾಡುವವರು. ಕಣ್ಣು ಬೇರೆ ಎಲ್ಲಿಗೂ ಹೋಗುವ ಹಾಗಿಲ್ಲ. ಜರ್ಮನಿಯ ಅವಳಿ ಅಕ್ಕತಂಗಿಯರಾದ ಆಲಿಸ್ ಮತ್ತು ಎಲ್ಲೆನ್ ಕೆಸ್ಲರ್, ಡಾನ್ ಲೂರಿಯೊ ಹೇಳಿಕೊಟ್ಟ ಹೆಜ್ಜೆಗಳನ್ನು ಕನ್ನಡಿಯ ಹಾಗೆ ಒಟ್ಟೊಟ್ಟಿಗೆ ಹಾಕುತ್ತಿದ್ದರು. ಅರವತ್ತು ವರ್ಷ ದಾಟಿದರೂ ಅದು ಹಳತು ಅನ್ನಿಸುವುದಿಲ್ಲ. ಆ ಅವಳಿಗಳು 2025ರ ನವೆಂಬರ್‌ನಲ್ಲಿ ಒಂದೇ ದಿನ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಕಾಲು ಕಾಣಬಾರದೆಂದು ಆ ಅವಳಿಗಳಿಗೆ ದಪ್ಪ ಕಪ್ಪು ಕಾಲುಚೀಲ ಹಾಕಿಸಿದ್ದರು. ರಾಯ್‌ನಲ್ಲಿ ಕತ್ತರಿ ಅಷ್ಟು ಬಿಗಿಯಾಗಿತ್ತು. ಬಟ್ಟೆಗೆ ಮಾತ್ರವಲ್ಲ, ಮಾತಿಗೂ. 1959ರಲ್ಲಿ ಮಿಲಾನ್‌ನ ಲಾ ಸ್ಕಾಲಾ ರಂಗಮಂದಿರದಲ್ಲಿ ರಾಷ್ಟ್ರಪತಿ ಗ್ರೋಂಕಿ ಕುರ್ಚಿ ತಪ್ಪಿ ಬಿದ್ದರು. ಹಾಸ್ಯ ಜೋಡಿ ಊಗೊ ತೊನ್ಯಾತ್ಸಿ, ರೈಮೊಂದೊ ವಿಯಾನೆಲ್ಲೊ ಟಿವಿಯಲ್ಲಿ ಅದನ್ನೇ ಮಾಡಿ ತೋರಿಸಿದರು. ಅವರ ಕಾರ್ಯಕ್ರಮ ‘ಊನ್ ದುವೆ ತ್ರೆ’ ಅಲ್ಲಿಗೇ ನಿಂತಿತು. 1962ರಲ್ಲಿ ದಾರಿಯೊ ಫೋ ಮತ್ತು ಅವರ ಹೆಂಡತಿ ಫ್ರಾಂಕಾ ರಾಮೆ ‘ಕಾಂತ್ಸೊನಿಸ್ಸಿಮಾ’ ನಡೆಸಿಕೊಡುತ್ತಿದ್ದರು. ಲಾಟರಿಗೆ ಹೊಂದಿಕೊಂಡ ಹಾಡಿನ ಸ್ಪರ್ಧೆ ಅದು. ಕಟ್ಟಡ ಕೂಲಿಗಳ ಜೀವರಕ್ಷಣೆಗೆ ದುಡ್ಡು ಬಿಚ್ಚದ ಮಾಲೀಕನ ಬಗ್ಗೆ ಅವರೊಂದು ತುಣುಕು ಬರೆದರು. ಅದಕ್ಕೆ ಕತ್ತರಿ ಹಾಕಲು ಬಂದಾಗ ಇಬ್ಬರೂ ಕಾರ್ಯಕ್ರಮವನ್ನೇ ಬಿಟ್ಟು ಎದ್ದುಹೋದರು. ಮತ್ತೆ ಅವರಿಗೆ ರಾಯ್ ಬಾಗಿಲು ತೆರೆದದ್ದು 1977ರಲ್ಲಿ. ಇಪ್ಪತ್ತು ವರ್ಷದ ನಂತರ ಅದೇ ಫೋಗೆ ಸಾಹಿತ್ಯದ ನೊಬೆಲ್ ಬಂತು. ಹಾಡು-ಕುಣಿತದ ಕಾರ್ಯಕ್ರಮ ‘ಸುಮ್ನೆ’ ಅಲ್ಲ ಅಂತ ನಾನು ಹೇಳುವುದು ಇದಕ್ಕೇ. ಜನ ಅದನ್ನು ಎಷ್ಟು ಮನಸ್ಸಿಟ್ಟು ನೋಡುತ್ತಾರೆ ಅಂತ ಅಧಿಕಾರದಲ್ಲಿದ್ದವರಿಗೆ ಗೊತ್ತಿತ್ತು.

ಗಾಯಕಿ ಮಿನಾ ಕಥೆಯೂ ಇದೇ. ಕ್ರೆಮೊನಾ ಊರಿನ ಈ ಹುಡುಗಿಯ ಕಂಠ ಇಟಲಿಯಲ್ಲೇ ದೊಡ್ಡದು ಅಂತ ನಾನು ನಂಬಿದ್ದೇನೆ. ಬೇರೊಬ್ಬಳನ್ನು ಮದುವೆಯಾಗಿದ್ದ ನಟನೊಬ್ಬನಿಂದ 1963ರಲ್ಲಿ ಆಕೆಗೆ ಮಗುವಾಯಿತು. ಆಗ ಆ ದೇಶದಲ್ಲಿ ವಿಚ್ಛೇದನದ ಕಾನೂನೇ ಇರಲಿಲ್ಲ. ರಾಯ್ ಆಕೆಯನ್ನು ಹೊರಗಿಟ್ಟಿತು. ಜನ ಮಾತ್ರ ಆಕೆಯ ರೆಕಾರ್ಡ್ ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಮರುವರ್ಷವೇ ವಾಪಸ್ ಕರೆಯಬೇಕಾಯಿತು.

ಈಗ ನಿಮ್ಮ ಕರ್ರಾ ಹತ್ತಿರ ಬರೋಣ. ಹುಟ್ಟಿದ್ದು 1943ರಲ್ಲಿ, ಬೊಲೊನ್ಯಾದಲ್ಲಿ. ನಿಜವಾದ ಮನೆತನದ ಹೆಸರು ಪೆಲ್ಲೋನಿ. 1970ರಲ್ಲಿ ನಿರೂಪಕ ಕೊರಾದೊ ಜೊತೆ ‘ಕಾಂತ್ಸೊನಿಸ್ಸಿಮಾ’ ನಡೆಸಲು ಬಂದಾಗ ಹೊಕ್ಕುಳು ಕಾಣುವ ಬಟ್ಟೆ ತೊಟ್ಟರು. ಅದೇ ದೊಡ್ಡ ಸುದ್ದಿ. ಮರುವರ್ಷ ಜೊತೆಗಾರನ ಮಂಡಿ, ಸೊಂಟ, ಭುಜ ಮುಟ್ಟುತ್ತಾ ಕುಣಿಯುವ ‘ತೂಕಾ ತೂಕಾ’ ಬಂತು. ಮೇಲಿನವರು ಮುಖ ಸಿಂಡರಿಸಿದರು. ಆಮೇಲೆ ಹೆಸರಾಂತ ನಟ ಆಲ್ಬೆರ್ತೊ ಸೋರ್ದಿ ಬಂದು ಆಕೆಯ ಜೊತೆ ಕುಣಿದರು, ಇಡೀ ದೇಶ ನಕ್ಕಿತು. ಆಕೆಯ ಕುಣಿತದಲ್ಲಿ ಕದ್ದುಮುಚ್ಚಿ ಮಾಡುವಂಥದ್ದು ಏನೂ ಇರಲಿಲ್ಲ. ಮಕ್ಕಳೂ ಕುಣಿದರು, ಅಜ್ಜಿಯರೂ ಕುಣಿದರು. ಹೆಣ್ಣು ನಾಚದೆ ಖುಷಿಯಾಗಿರಬಹುದು ಅಂತ ಶನಿವಾರ ರಾತ್ರಿ ಮನೆಮಂದಿಯ ಎದುರೇ ತೋರಿಸಿಕೊಟ್ಟವರು ಆಕೆ. ನಿಮ್ಮ ಪಕ್ಕದ ಮನೆಯ ಅಜ್ಜಿ ಆಗ ಹದಿಹರೆಯದವರೋ ಹೊಸ ಮದುವಣಗಿತ್ತಿಯೋ ಆಗಿದ್ದಿರಬೇಕು, ಅಲ್ವಾ?

1983ರಲ್ಲಿ ‘ಪ್ರೊಂತೊ, ರಾಫಾಯೆಲ್ಲಾ?’ ಎಂಬ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಆಕೆ ಗಾಜಿನ ಜಾಡಿ ತುಂಬ ಬೀನ್ಸ್ ಕಾಳು ಇಟ್ಟುಕೊಂಡು ಕೂತರು. ಎಷ್ಟಿವೆ ಅಂತ ಜನ ಫೋನ್ ಮಾಡಿ ಹೇಳಬೇಕು, ಅಷ್ಟೇ ಆಟ. ದೇಶವೇ ಫೋನ್ ಮಾಡಿತು. 2021ರ ಜುಲೈ 5ರಂದು ಆಕೆ ತೀರಿಕೊಂಡಾಗ, ಬರಿ ಮರದ ಪೆಟ್ಟಿಗೆಯಲ್ಲಿ ಆಕೆಯನ್ನು ರೋಮ್ ತುಂಬ ಕರೆದೊಯ್ದರು. ವಿಯಾ ತೆವುಲಾದಾದ ಸ್ಟುಡಿಯೋ, ‘ಕಾಂತ್ಸೊನಿಸ್ಸಿಮಾ’ ನಡೆಯುತ್ತಿದ್ದ ತೆಯಾತ್ರೊ ದೆಲ್ಲೆ ವಿತ್ತೋರಿಯೆ ಎದುರೆಲ್ಲ ಮೆರವಣಿಗೆ ಹಾದುಹೋಯಿತು. ದಾರಿಯುದ್ದಕ್ಕೂ ಜನ ಚಪ್ಪಾಳೆ ತಟ್ಟಿದರು.

ಈಗ ಯಾಕೆ ಬರುವುದಿಲ್ಲ ಅಂದಿರಿ. 1976ರಲ್ಲಿ ಸಂವಿಧಾನ ನ್ಯಾಯಾಲಯ ಸ್ಥಳೀಯ ಖಾಸಗಿ ಟಿವಿಗೆ ಒಪ್ಪಿಗೆ ಕೊಟ್ಟಿತು. 1980ರಲ್ಲಿ ಉದ್ಯಮಿ ಬೆರ್ಲುಸ್ಕೋನಿಯವರ ಖಾಸಗಿ ವಾಹಿನಿ ಕನಾಲೆ 5 ಬಂತು. ಜಾಹೀರಾತಿಗೆ ಪೈಪೋಟಿ ಶುರುವಾಯಿತು. ಅದೇ ಮೈಕ್ ಬೊಂಜೋರ್ನೊ ಆ ಕಡೆ ಹೋದರು. ನಿರೂಪಕ ಪಿಪ್ಪೊ ಬಾವ್ದೊ ರಾಯ್‌ನ ‘ಫಾಂತಾಸ್ತಿಕೊ’ದಲ್ಲಿ ಹಳೆಯ ಸೊಗಸನ್ನು ಸ್ವಲ್ಪ ಕಾಲ ಉಳಿಸಿದರು. ಆದರೆ ವಾರಗಟ್ಟಲೆ ತಾಲೀಮು, ವಾದ್ಯವೃಂದ, ಕುಣಿಯುವವರ ತಂಡ, ಇದಕ್ಕೆಲ್ಲ ದುಡ್ಡು ಜಾಸ್ತಿ, ಸಮಯ ಜಾಸ್ತಿ. ಕೂತು ಹರಟುವ ಕಾರ್ಯಕ್ರಮಕ್ಕೆ ಅದೇನೂ ಬೇಕಿಲ್ಲ. ಈ ಮಾತು ಬರೆಯುವಾಗ ನನಗೆ ನೋವಾಗುತ್ತದೆ.

ಒಂದನ್ನು ಮಾತ್ರ ನೀವು ಹುಡುಕಿ ನೋಡಲೇಬೇಕು. 1974ರ ‘ಮಿಲ್ಲೆಲೂಚಿ’. ಫಾಲ್ಕ್ವಿ ನಿರ್ದೇಶನ, ಮಿನಾ, ಕರ್ರಾ ಇಬ್ಬರೂ ಜೊತೆಗಿದ್ದಾರೆ. ಒಬ್ಬರು ಕಂಠ, ಇನ್ನೊಬ್ಬರು ಕಾಲು. ಒಬ್ಬರನ್ನೊಬ್ಬರು ಮೀರಿಸಲು ನೋಡದೆ ಪಕ್ಕಪಕ್ಕ ನಿಂತಿದ್ದಾರೆ. ಕೊನೆಗೆ ಬರುವ ಮಿನಾ ಹಾಡಿನ ಹೆಸರು ‘ನಾನಿನ್ನು ಆಡುವುದಿಲ್ಲ’ ಅಂತ. ಆಮೇಲೆ ಆಕೆ ಟಿವಿಯಲ್ಲಿ ಇಂಥ ಕಾರ್ಯಕ್ರಮ ನಡೆಸಿಕೊಡಲಿಲ್ಲ. 1978ರ ನಂತರ ವೇದಿಕೆಯನ್ನೂ ಹತ್ತಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿದ್ದುಕೊಂಡೇ ಹಾಡು ಮುದ್ರಿಸಿ ಕಳಿಸುತ್ತಾ ಬಂದರು. ಮುಂದಿನ ಸಲ ಮಿಲಾನ್‌ಗೆ ಹೋದಾಗ ಅದನ್ನು ಆ ಅಜ್ಜಿಯ ಜೊತೆಗೇ ಕೂತು ನೋಡಿ. ಅವರು ಯಾವ ಹಾಡಿಗೆ ದನಿಗೂಡಿಸಿದರು ಅಂತ ನನಗೂ ಬರೆಯಿರಿ.