ಕ್ಯೂರಿಯೂ ಯಂತ್ರ ನಡೆಸಿದವರೇ

ಪತ್ರ: ಎಕ್ಸ್‌ರೇ ಇತಿಹಾಸದ ಲೇಖನದಲ್ಲಿ ಮಹಿಳೆಯರಿಗೆಂದೇ ಒಂದು ಪುಟ ಮೀಸಲಿಟ್ಟಿದ್ದೀರಿ. ಕಂಡುಹಿಡಿದವರು ರಾಂಟ್ಜನ್. ಮೇರಿ ಕ್ಯೂರಿಯ ಹೆಸರು ಬಂದರೆ ಒಪ್ಪೋಣ. ಉಳಿದವರೆಲ್ಲ ಯಂತ್ರ ನಡೆಸಿದವರು. ಅವರಿಗೂ ಇತಿಹಾಸ ಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ರಾಂಟ್ಜನ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ನಡೆಸುವುದನ್ನು ನೀವು ಇಷ್ಟು ಹಗುರ ಮಾಡಬಾರದಿತ್ತು.

ಆಗಿನ ಎಕ್ಸ್‌ರೇ ಕೊಳವೆಯ, ಅಂದರೆ ಕಿರಣ ಹೊಮ್ಮಿಸುವ ಗಾಜಿನ ಬುರುಡೆಯ, ಆಟವೆಲ್ಲ ಒಳಗೆ ಉಳಿದ ಚೂರು ಅನಿಲದ ಮೇಲೆ ನಿಂತಿತ್ತು. ಬಳಸುತ್ತ ಹೋದಂತೆ ಅನಿಲ ಕಡಿಮೆಯಾಗಿ ಕೊಳವೆ ‘ಗಟ್ಟಿ’ಯಾಗುತ್ತಿತ್ತು; ಕಿರಣ ಎಲ್ಲವನ್ನೂ ತೂರಿ ಮೂಳೆ ಮಾಂಸ ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣಕ್ಕೆ ತಿರುಗುತ್ತಿದ್ದವು. ಅನಿಲ ಹೆಚ್ಚಿದ್ದರೆ ಕಿರಣ ಮೈ ದಾಟುತ್ತಲೇ ಇರಲಿಲ್ಲ. ಹದ ನೋಡಲು ಕೊಳವೆಗೂ ಹೊಳೆಯುವ ಪರದೆಗೂ ನಡುವೆ ತಮ್ಮದೇ ಕೈ ಹಿಡಿದು ಬೆರಳ ಮೂಳೆ ಎಷ್ಟು ಸ್ಪಷ್ಟ ಎಂದು ನೋಡುವುದು ರೂಢಿ. ದಿನಕ್ಕೆ ಹಲವು ಸಲ, ಅದೇ ಕೈ.

ಸ್ಯಾನ್ ಫ್ರಾನ್ಸಿಸ್ಕೊದ ಎಲಿಜಬೆತ್ ಫ್ಲೈಶ್‌ಮನ್ ಲೆಕ್ಕ ಬರೆಯುತ್ತಿದ್ದವರು, ವೈದ್ಯಕೀಯ ಪದವಿ ಇರಲಿಲ್ಲ. ಸ್ವಂತ ಪ್ರಯೋಗಾಲಯ ತೆರೆದು, ಫಿಲಿಪೀನ್ಸ್‌ನಿಂದ ಮರಳಿದ ಅಮೆರಿಕದ ಸೈನಿಕರ ಮೈಯೊಳಗಿನ ಗುಂಡುಗಳನ್ನು ಪತ್ತೆಹಚ್ಚಿಕೊಟ್ಟರು. ಕೈಯ ಚರ್ಮ ಸುಟ್ಟಾಗ, ಚಿತ್ರ ಮೂಡುವ ಗಾಜಿನ ಪ್ಲೇಟ್ ತೊಳೆಯುವ ರಾಸಾಯನಿಕದ್ದಿರಬೇಕು ಎಂದುಕೊಂಡರು. 1905ರಲ್ಲಿ ತೋಳು ತೆಗೆದರೂ ಕ್ಯಾನ್ಸರ್ ಬಿಡಲಿಲ್ಲ. ಅದೇ ವರ್ಷ ತೀರಿಕೊಂಡರು.

ಇನ್ನು ಸ್ಟೋನಿ ಸೋದರಿಯರು. ತಂಗಿ ಫ್ಲಾರೆನ್ಸ್ ವೈದ್ಯೆ. 1902ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಎಕ್ಸ್‌ರೇ ವಿಭಾಗ ಕಟ್ಟಿದವರು. 1914ರಲ್ಲಿ ಯುದ್ಧಕ್ಕೆ ಬರುತ್ತೇನೆಂದರೆ ಬ್ರಿಟಿಷ್ ಅಧಿಕಾರಿಗಳು ಹೆಣ್ಣೆಂದು ಬೇಡವೆಂದರು. ಮಹಿಳೆಯರದೇ ತಂಡದೊಂದಿಗೆ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಹೋದರು. ಅಕ್ಕ ಈಡಿತ್ ಭೌತವಿಜ್ಞಾನಿ. ಕೇಂಬ್ರಿಜ್‌ನಲ್ಲಿ ಗಣಿತ ಪಾಸಾದರೂ ಹೆಂಗಸರಿಗೆ ಅಲ್ಲಿ ಪದವಿ ಕೊಡುತ್ತಿರಲಿಲ್ಲ. ಆ ಗಣಿತವೇ ಫ್ರಾನ್ಸಿನ ಟ್ರ್ವಾದ ಡೇರೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಂತು. ಗುಂಡು ಕಂಡರೆ ಸಾಲದು, ಎಷ್ಟು ಆಳದಲ್ಲಿದೆ ಎಂದು ಸರ್ಜನ್ನಿಗೆ ಗೊತ್ತಾಗಬೇಕು. ಅದಕ್ಕೆ ಆಗಿನ ಉಪಾಯ, ಕೊಳವೆಯನ್ನು ಪಕ್ಕಕ್ಕೆ ಸರಿಸಿ ಎರಡು ಚಿತ್ರ ತೆಗೆಯುವುದು. ಕೊಳವೆ ಪ್ಲೇಟಿನಿಂದ 55 ಸೆಂ.ಮೀ. ಮೇಲಿದೆ, 10 ಸೆಂ.ಮೀ. ಸರಿಸಿದಾಗ ಗುಂಡಿನ ನೆರಳು 1 ಸೆಂ.ಮೀ. ಸರಿಯಿತು ಎನ್ನಿ. 55ನ್ನು 11ರಿಂದ (10ಕ್ಕೆ 1 ಕೂಡಿಸಿ) ಭಾಗಿಸಿದರೆ ಗುಂಡು ಪ್ಲೇಟಿನಿಂದ 5 ಸೆಂ.ಮೀ. ಮೇಲೆ. ನೋವಿಗೆ ಗಾಯಾಳು ಒಮ್ಮೆ ಮಿಸುಕಿದರೂ ಲೆಕ್ಕ ಕೆಟ್ಟು ಕತ್ತಿ ತಪ್ಪು ಜಾಗಕ್ಕೆ ಇಳಿಯುತ್ತದೆ. ಸ್ನಾಯುಗಳ ನಡುವೆ ಅನಿಲ ತುಂಬುವ ಗ್ಯಾಂಗ್ರೀನನ್ನೂ ಈಡಿತ್ ಎಕ್ಸ್‌ರೇಯಲ್ಲಿ ಗುರುತಿಸುತ್ತಿದ್ದರು.

ನೀವು ಒಪ್ಪಿದ ಕ್ಯೂರಿಯ ವಿಷಯಕ್ಕೇ ಬರೋಣ. ಎರಡು ನೊಬೆಲ್ ಪಡೆದಾಕೆ ಮೊದಲ ಮಹಾಯುದ್ಧದಲ್ಲಿ ಮಾಡಿದ್ದೇನು? ಮೋಟಾರು ಗಾಡಿಯ ಎಂಜಿನ್ನಿಗೆ ಡೈನಮೊ ಜೋಡಿಸಿ, ಎಕ್ಸ್‌ರೇ ಸಲಕರಣೆ ತುಂಬಿಕೊಂಡು ರಣರಂಗದ ಆಸ್ಪತ್ರೆಗಳಿಗೆ ಹೋದರು. ಯಂತ್ರ ನಡೆಸಿದರು, ಸ್ವಾಮಿ. ಸುಮಾರು 150 ಹೆಂಗಸರಿಗೆ ಅದನ್ನೇ ಕಲಿಸಿದರು. ನಿಮ್ಮ ಲೆಕ್ಕ ಹಿಡಿದರೆ ಆ ನಾಲ್ಕು ವರ್ಷದ ಮಟ್ಟಿಗೆ ಕ್ಯೂರಿಯನ್ನೂ ಪುಟದಿಂದ ತೆಗೆಯಬೇಕಾಗುತ್ತದೆ.

ಈ ತಾತ್ಸಾರ ನಿಮ್ಮೊಬ್ಬರದಲ್ಲ ಬಿಡಿ. ಇಂದಿಗೂ ಎಕ್ಸ್‌ರೇ ವರದಿಯಲ್ಲಿ ಡಾಕ್ಟರ ಸಹಿ ಇರುತ್ತದೆ. ಮುರಿದ ಭುಜವನ್ನು ನೋಯಿಸದೆ ತಿರುಗಿಸಿ, ‘ಉಸಿರು ಹಿಡೀರಿ’ ಎಂದು ಚಿತ್ರ ತೆಗೆದ ತಂತ್ರಜ್ಞರ ಹೆಸರನ್ನು ಯಾರು ಕೇಳುತ್ತಾರೆ? ಪಠ್ಯಪುಸ್ತಕ ಬರೆಯುವವರಿಗೂ ಪ್ರಶಸ್ತಿಪಟ್ಟಿ ಸಿಕ್ಕಿದರೆ ಸಾಕು. ಒಂದು ಪುಟ ಹೆಚ್ಚಾಯಿತೆಂದಿರಿ. ಮುಂದಿನ ಸಂಚಿಕೆಯಲ್ಲಿ ಈಡಿತ್ ಒಬ್ಬರಿಗೇ ಎರಡು ಪುಟ ಕೊಡುತ್ತಿದ್ದೇವೆ. ಓದಿ, ಮತ್ತೆ ಬರೆಯಿರಿ.
– ಸಂ.